ತಾಳೆ ಆಗ್ತಿಲ್ಲ

‘ಇಷ್ಟೊತ್ತಾದ್ರೂ ಮನಗಿಲ್ವಾ ಮಗ?’ ಎಂದು ಅವ್ವ ನಡುಮನೆಯಿಂದ ಕೇಳಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ನಾನು ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೇ ಸಾಲನ್ನು ಇಪ್ಪತ್ತನೇ ಸಲ ಓದುತ್ತಿದ್ದೆ.

‘ಬಾಗ್ಲು ತೆಗೀತಿಲ್ಲ ಕನವ್ವ’ ಅಂದೆ.

‘ಯಾರ ಮನೆ ಬಾಗ್ಲು?’ ಅಂದಳು ಅವ್ವ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆಯನ್ನು ಕಟ್ಟಿದವನು ನಾನೇ, ಬೀಗ ಹಾಕಿದವನೂ ನಾನೇ. ಈಗ ಒಳಗೆ ಹೋಗಲಾಗದೆ ಹೊರಗೆ ಕೂತಿದ್ದವನೂ ನಾನೇ.

ಮೈಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ ಲ್ಯಾಬಿಗೊಂದು ಪಾಸ್‌ವರ್ಡ್, ವೈಫೈಗೊಂದು, ಲೈಬ್ರರಿಗೆ ಇನ್ನೊಂದು. ಹುಡುಗರು ಮೂರನ್ನೂ ಮರೆತು ನನ್ನ ಬಾಗಿಲ ಮುಂದೆ ಸಾಲು ನಿಲ್ಲುತ್ತಿದ್ದರು. ಇದಕ್ಕೆ ಪರಿಹಾರವಾಗಿ ಡೈರೆಕ್ಟರಿ ಸರ್ವರ್ ಕಟ್ಟಬೇಕು ಎಂದು ತೀರ್ಮಾನವಾಗಿತ್ತು. ಎಲ್ಲರ ಹೆಸರೂ ಒಂದೇ ಖಾತೆಪುಸ್ತಕದಲ್ಲಿ ಇರುತ್ತದೆ, ಯಾವ ಬಾಗಿಲಿಗೆ ಹೋದರೂ ಆ ಬಾಗಿಲು ಈ ಪುಸ್ತಕವನ್ನು ಕೇಳಿ ಒಳಗೆ ಬಿಡುತ್ತದೆ. ಕಾಲೇಜಿನ ಯಂತ್ರಕ್ಕೆ ಹಾಕುವ ಮೊದಲು ನನ್ನ ಲ್ಯಾಪ್‌ಟಾಪಿನಲ್ಲೇ ಕಟ್ಟಿ ನೋಡೋಣ ಎಂದುಕೊಂಡು, ಮೂರು ದಿನ ರಜೆ ಹಾಕಿ ಚಂದಕವಾಡಿಗೆ ಬಂದಿದ್ದೆ. ಊರಿನಲ್ಲಿ ಯಾರೂ ಫೋನ್ ಮಾಡುವುದಿಲ್ಲ, ಅವ್ವನ ಕೈಯ ಮುದ್ದೆಯೂ ಸಿಗುತ್ತದೆ ಎನ್ನುವ ಲೆಕ್ಕ.

ಈ ಡೈರೆಕ್ಟರಿ ಎನ್ನುವುದನ್ನು ನಮ್ಮೂರಿನವರಿಗೆ ಹೇಳಿಕೊಡುವುದು ಸುಲಭ. ಮಲೆ ಮಾದಪ್ಪನ ಒಕ್ಕಲು ತುಂಬಿದ ಸೀಮೆ ಇದು. ಹೆಸರುಗಳೆಲ್ಲ ಮಾದೇಶ, ಮಾದಪ್ಪ, ಮಹದೇವಸ್ವಾಮಿ, ಮಾದಮ್ಮ, ಮಹದೇವಮ್ಮ. ಹೊರಗಿನವರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ‘ಮಹದೇವಸ್ವಾಮಿ ಮನೆ ಎಲ್ಲಿ?’ ಅಂದರೆ ‘ಯಾವ ಮಹದೇವಸ್ವಾಮಿ?’ ಎನ್ನುವ ಪ್ರಶ್ನೆಯೇ ಉತ್ತರ. ಯಾರ ಮಗ, ಯಾವ ಬೀದಿ, ಮೂಲೆಮನೆಯವನೋ ಹಿತ್ತಲಮನೆಯವನೋ ಎಂದು ಹೇಳುತ್ತಾ ಹೋದರೆ ಕೊನೆಗೆ ಒಬ್ಬನೇ ಉಳಿಯುತ್ತಾನೆ. ಸರ್ವರಿನೊಳಗೂ ಹೀಗೆಯೇ. ಪ್ರತಿಯೊಬ್ಬನಿಗೂ ಒಂದು ಉದ್ದನೆಯ ಗುರುತಿನ ಹೆಸರು. ಮೊದಲು ವ್ಯಕ್ತಿ, ಆಮೇಲೆ ಅವನ ವಿಭಾಗ, ಆಮೇಲೆ ಸಂಸ್ಥೆ. ಪೋಸ್ಟ್‌ಕಾರ್ಡಿನ ಮೇಲೆ ಹೆಸರು, ಬೀದಿ, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಬರೆಯುತ್ತಿದ್ದೆವಲ್ಲ, ಅದೇ ಕ್ರಮ. 1988ರಲ್ಲಿ ಎಕ್ಸ್.500 ಎನ್ನುವ ಭಾರವಾದ ಪದ್ಧತಿಯೊಂದು ಬಂತು. ಅದನ್ನು ಹಗುರ ಮಾಡಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಜೊತೆಗಾರರು 1993ರ ಹೊತ್ತಿಗೆ ಎಲ್‌ಡ್ಯಾಪ್ ಎನ್ನುವುದನ್ನು ರೂಪಿಸಿದರು. ನಾನು ಕಟ್ಟುತ್ತಿದ್ದುದು ಅದರದೇ ಪುಕ್ಕಟೆ ರೂಪವಾದ ಓಪನ್‌ಎಲ್‌ಡ್ಯಾಪ್.

ಅದರೊಳಗೆ ನಮ್ಮವರಿಗೆ ಕಾಡುವ ಇನ್ನೊಂದು ನಿಯಮವಿದೆ. ಒಬ್ಬ ಮನುಷ್ಯನನ್ನು ಸೇರಿಸಬೇಕಾದರೆ ಅವನ ಕುಲನಾಮವನ್ನು ಕೊಡಲೇಬೇಕು. ಆ ಜಾಗ ಖಾಲಿ ಬಿಟ್ಟರೆ ಸೇರಿಸಿಕೊಳ್ಳುವುದೇ ಇಲ್ಲ. ನಮ್ಮ ಕಡೆ ಕುಲನಾಮ ಎಲ್ಲಿಂದ ತರುವುದು? ನನ್ನ ಹೆಸರಿಗೆ ಅಂಟಿರುವ ಎರಡು ಇನಿಷಿಯಲ್‌ಗಳಲ್ಲಿ ಒಂದು ಊರಿನದು, ಒಂದು ಅಪ್ಪನದು. ಹುಡುಗರ ಪಟ್ಟಿಯಲ್ಲಿ ಆ ಕಾಲಮ್ಮಿಗೆ ಇನಿಷಿಯಲ್ಲನ್ನೇ ತುಂಬುತ್ತಾ ಹೋದೆ. ಯಂತ್ರ ಒಪ್ಪಿಕೊಂಡಿತು. ಅದಕ್ಕೆ ಜಾಗ ತುಂಬಿದರೆ ಸಾಕು.

ಒಪ್ಪಿಕೊಳ್ಳದೆ ಇದ್ದದ್ದು ನನ್ನನ್ನು. ಮೇಲ್ವಿಚಾರಕನ ಹೆಸರು, ಪಾಸ್‌ವರ್ಡ್ ಕೊಟ್ಟರೆ ಒಂದೇ ಉತ್ತರ: ‘ಇನ್‌ವ್ಯಾಲಿಡ್ ಕ್ರೆಡೆನ್ಷಿಯಲ್ಸ್ (49)’. ನೀನು ಕೊಟ್ಟ ಗುರುತು ಸರಿಯಿಲ್ಲ ಎಂದರ್ಥ. ಯಾವುದು ಸರಿಯಿಲ್ಲ, ಹೆಸರೋ ಪಾಸ್‌ವರ್ಡೋ? ಅದನ್ನು ಹೇಳುವುದಿಲ್ಲ. ಹೆಸರೇ ಇಲ್ಲದಿದ್ದರೂ 49, ಹೆಸರಿದ್ದು ಪಾಸ್‌ವರ್ಡ್ ತಪ್ಪಿದ್ದರೂ 49. ಇದು ಬೇಕೆಂದೇ ಮಾಡಿದ ಏರ್ಪಾಡು. ‘ಹೆಸರು ಸರಿ, ಪಾಸ್‌ವರ್ಡ್ ಮಾತ್ರ ತಪ್ಪು’ ಅಂದರೆ ಕಳ್ಳನಿಗೆ ಅರ್ಧ ದಾರಿ ತೋರಿಸಿದಂತೆ. ಈ ಮನೆಯಲ್ಲಿ ಇಂಥವನು ಇದ್ದಾನೆ ಎಂದು ಖಾತ್ರಿಯಾದರೆ ಅವನು ಬೀಗದ ಮೇಲೆ ಮಾತ್ರ ಕೆಲಸ ಮಾಡಿದರಾಯಿತು. ಅದಕ್ಕೇ ಸರ್ವರ್ ಬಾಯಿ ಬಿಡುವುದಿಲ್ಲ.

ಮೊದಲ ರಾತ್ರಿ ತಪ್ಪು ಹೆಸರಿನಲ್ಲಿತ್ತು. ನಾನು ಕಾಲೇಜಿನ ಹೆಸರು ಹೇಳಿ ಬಾಗಿಲು ತಟ್ಟುತ್ತಿದ್ದೆ. ನನ್ನ ಲ್ಯಾಪ್‌ಟಾಪಿಗೆ ಯಾವ ಡೊಮೇನೂ ಇರಲಿಲ್ಲವಾದ್ದರಿಂದ ಸರ್ವರ್ ತನ್ನ ಮರದ ಬೇರಿಗೆ ತಾನೇ ‘ನೋಡೊಮೇನ್’ ಎಂದು ಹೆಸರಿಟ್ಟುಕೊಂಡಿತ್ತು. ಊರಿಲ್ಲದವನು ಎಂದ ಹಾಗೆ. ಬೇರಿನ ಹೆಸರು ಬೇರೆಯಾದರೆ ಅದರ ಕೆಳಗಿನ ಎಲ್ಲ ಹೆಸರುಗಳೂ ಬೇರೆಯೇ. ನಮಗೇನೂ ಇದು ಹೊಸದಲ್ಲ. ಅರಿಕುಠಾರವಾಗಿದ್ದ ಊರು 1818ರಲ್ಲಿ ಚಾಮರಾಜನಗರವಾಯಿತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಒಡೆಯಿತು. ನಾನು ಒಂದನೇ ಕ್ಲಾಸಿಗೆ ಸೇರಿದಾಗ ಮೈಸೂರು ಜಿಲ್ಲೆಯವನು, ಹೈಸ್ಕೂಲಿಗೆ ಹೋಗುವಾಗ ಚಾಮರಾಜನಗರ ಜಿಲ್ಲೆಯವನು. ಮನೆ ಇದ್ದಲ್ಲೇ ಇತ್ತು. ಸರ್ವರಿಗೆ ಕಾಲೇಜಿನ ಹೆಸರು ಹೇಳಿ ಮತ್ತೆ ಹೊಂದಿಸಿದ ಮೇಲೆ ಬಾಗಿಲು ತೆರೆಯಿತು.

ಎರಡನೇ ರಾತ್ರಿ ವಿಚಿತ್ರವಾಗಿತ್ತು. ಕೈಯಿಂದ ಪಾಸ್‌ವರ್ಡ್ ಹೊಡೆದರೆ ಬಾಗಿಲು ತೆರೆಯುತ್ತದೆ. ನೂರಾರು ಹುಡುಗರ ಹೆಸರುಗಳನ್ನು ತಾನಾಗಿಯೇ ಸೇರಿಸಲಿ ಎಂದು ಬರೆದ ಸ್ಕ್ರಿಪ್ಟು ಅದೇ ಪಾಸ್‌ವರ್ಡನ್ನು ಫೈಲಿನಿಂದ ಓದಿ ಕೊಟ್ಟರೆ 49. ಅವ್ವ ‘ಮನಗಿಲ್ವಾ’ ಅಂದದ್ದು ಆ ರಾತ್ರಿ. ಪಾಸ್‌ವರ್ಡನ್ನು ಆರು ಸಲ ಬದಲಿಸಿದೆ. ಆರು ಸಲವೂ ಅದೇ. ಕೊನೆಗೆ ನನ್ನ ಬೆರಳುಗಳ ಮೇಲೆಯೇ ಅನುಮಾನ ಬಂತು. ಏನೋ ತಪ್ಪು ಹೊಡೆಯುತ್ತಿದ್ದೇನೆ ಎಂದುಕೊಂಡು ಮಲಗಿದೆ.

ಬೆಳಗ್ಗೆ ಎದ್ದಾಗ ಅವ್ವ ಹೊಸಿಲ ಮೇಲೆ ಕೂತು ಬಲಗೈ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಕೈ ಒಡೆದಿದೆಯಾ ಎಂದು ಕೇಳಿದೆ.

‘ಬೆಳ್ಳು ಸವ್ದೋಗದೆ ಕನ ಮಗ. ಮಿಸನ್ನು ಹಿಡೀತಿಲ್ಲ.’

ಬಿಡಿಸಿ ಕೇಳಿದಾಗ ಗೊತ್ತಾಯಿತು. ಅವಳ ಸಂಧ್ಯಾ ಸುರಕ್ಷಾ ಪಿಂಚಣಿ ಬಂದು ನಾಲ್ಕು ತಿಂಗಳಾಗಿತ್ತು. ಪ್ರತಿ ಸಲ ಹೋಗಿ ಬೆರಳಿಡುತ್ತಾಳೆ, ‘ತಾಳೆ ಆಗ್ತಿಲ್ಲ, ಮುಂದಿನ ವಾರ ಬಾ’ ಎನ್ನುತ್ತಾರೆ, ವಾಪಸ್ಸು ಬರುತ್ತಾಳೆ. ನಲವತ್ತು ವರ್ಷ ಅರಿಶಿನ ಕಿತ್ತು, ಕಳೆ ತೆಗೆದು, ಬೂದಿಯಲ್ಲಿ ಪಾತ್ರೆ ಉಜ್ಜಿದ ಕೈ. ಗೆರೆ ಸವೆದಿರಲೇಬೇಕು ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ಪಕ್ಕದ ಮನೆಯವರು ಎಣ್ಣೆ ಹಚ್ಚು ಅಂದರಂತೆ. ಹಚ್ಚುತ್ತಿದ್ದಳು. ನನಗೆ ಯಾಕೆ ಹೇಳಲಿಲ್ಲ ಅಂದರೆ ‘ನಿಂಗೇ ನೂರೆಂಟು ಕೆಲ್ಸ, ನನ್ ಬೆಳ್ಳು ಸರಿಯಿಲ್ದಿದ್ರೆ ನೀನೇನ್ ಮಾಡೀಯೆ’ ಅಂದಳು.

ಅವಳ ಜೊತೆ ಹೋದೆ. ಎಲ್ಲ ಕೌಂಟರುಗಳ ಹಾಗೆ ಅಲ್ಲಿಯೂ ಪರದೆ ಕೂತವರ ಕಡೆಗೆ, ಪರದೆಯ ಬೆನ್ನು ನಿಂತವರ ಕಡೆಗೆ. ಅವ್ವ ಬೆರಳಿಟ್ಟಳು. ‘ತಾಳೆ ಆಗ್ತಿಲ್ಲಮ್ಮ’ ಎಂದಳು ಕೂತಿದ್ದ ಹುಡುಗಿ. ಹಿಂದೆ ಎಂಟು ಹತ್ತು ಜನ ನಿಂತಿದ್ದರು. ಅವಳ ಮೇಲೆ ಸಿಟ್ಟು ಮಾಡುವ ಯೋಗ್ಯತೆ ನನಗಿರಲಿಲ್ಲ. ನಾನೂ ಅಂಥದೇ ಪರದೆಯ ಹಿಂದೆ ವರ್ಷಗಟ್ಟಲೆ ಕೂತವನು. ‘ಯಾವುದು ತಾಳೆ ಆಗ್ತಿಲ್ಲ ನೋಡಿ ಹೇಳ್ತೀರಾ ಮೇಡಂ, ಬೆರಳಾ, ಹೆಸರಾ?’ ಅಂತ ಕೇಳಿದೆ.

ಆ ಹುಡುಗಿ ಒಂದು ಕ್ಷಣ ನನ್ನನ್ನು ನೋಡಿ, ಪರದೆಯನ್ನು ಕೆಳಕ್ಕೆ ಸರಿಸುತ್ತಾ ಹೋದಳು. ‘ಬೆರಳು ಸರಿಯಾಗಿದೆ ಸರ್. ಬ್ಯಾಂಕಲ್ಲಿ ಮಾದಮ್ಮ ಅಂತಿದೆ, ಆಧಾರಲ್ಲಿ ಮಹದೇವಮ್ಮ ಅಂತಿದೆ. ಇಬ್ರೂ ಬೇರೆ ಅಂತ ತಗೊಂಡಿದೆ.’

‘ಎಲ್ಡೂ ನಾನೇ ಕನವ್ವ’ ಅಂದಳು ಅವ್ವ.

ಹಿಂದೆ ನಿಂತವರು ನಕ್ಕರು. ಆ ಹುಡುಗಿಯೂ ನಕ್ಕಳು. ಖಾತೆ ತೆರೆಯುವಾಗ ಬರೆದವರು ಊರವರು ಕರೆಯುವ ಹಾಗೆ ಬರೆದಿದ್ದರು. ಆಧಾರಿನ ದಿನ ಬರೆದವರು ಅದನ್ನೇ ಶುದ್ಧ ಮಾಡಿ ಬರೆದಿದ್ದರು. ಇಬ್ಬರೂ ತಪ್ಪು ಮಾಡಿರಲಿಲ್ಲ. ಹೆಸರು ಸರಿಪಡಿಸುವ ಅರ್ಜಿಗೆ ಏನೇನು ಬೇಕು ಎಂದು ಆ ಹುಡುಗಿಯೇ ಚೀಟಿಯಲ್ಲಿ ಬರೆದು ಕೊಟ್ಟಳು. ನಾಲ್ಕು ತಿಂಗಳು ಬಗೆಹರಿಯದೆ ಇದ್ದದ್ದು ಎರಡು ನಿಮಿಷದಲ್ಲಿ ಏನೆಂದು ಗೊತ್ತಾಯಿತು.

ಹೊರಗೆ ಬಂದ ಮೇಲೆ ಅವ್ವ ಬಿಸಿಲಿಗೆ ಹೆಬ್ಬೆರಳು ಹಿಡಿದು ತಿರುಗಿಸಿ ನೋಡಿಕೊಂಡಳು. ‘ಹಂಗಾರೆ ನನ್ ಬೆಳ್ಳು ಸರ್ಯಾಗೇ ಅದೆ’ ಅಂದಳು. ದುಡ್ಡು ಯಾವಾಗ ಬರುತ್ತದೆ ಎಂದು ಕೇಳಲಿಲ್ಲ. ನಾಲ್ಕು ತಿಂಗಳು ಅವಳು ಹೊತ್ತಿದ್ದ ಭಾರ ದುಡ್ಡಿನದೊಂದೇ ಆಗಿರಲಿಲ್ಲ. ತನ್ನ ಮೈ ತನ್ನದೇ ಎಂದು ಸಾಬೀತು ಮಾಡಲಾಗುತ್ತಿಲ್ಲ ಎನ್ನುವುದೂ ಅದರಲ್ಲಿತ್ತು.

ಆ ರಾತ್ರಿ ಮತ್ತೆ ಜಗಲಿಯಲ್ಲಿ ಕೂತೆ. ಈ ಸಲ ಪಾಸ್‌ವರ್ಡ್ ಬದಲಿಸಲಿಲ್ಲ. ಸರ್ವರಿನ ಲಾಗ್ ತೆರೆದೆ. ಹೊರಗೆ ನಿಂತವನಿಗೆ 49 ಮಾತ್ರ ಕಾಣುತ್ತದೆ, ಒಳಗಿನ ಲಾಗಿನಲ್ಲಿ ಯಾರು ಯಾವ ಹೆಸರು ಹೇಳಿ ತಟ್ಟಿದರು ಎನ್ನುವುದೂ ಇರುತ್ತದೆ. ಕೈಯಿಂದ ತಟ್ಟಿದಾಗಲೂ ಸ್ಕ್ರಿಪ್ಟು ತಟ್ಟಿದಾಗಲೂ ಹೆಸರು ಅಕ್ಷರಕ್ಷರ ಒಂದೇ. ಹಾಗಾದರೆ ವ್ಯತ್ಯಾಸ ಪಾಸ್‌ವರ್ಡಿನಲ್ಲೇ ಇರಬೇಕು. ಪಾಸ್‌ವರ್ಡಿನಲ್ಲಿ ಹದಿನಾಲ್ಕು ಅಕ್ಷರ. ಫೈಲಿನಲ್ಲಿ ಎಷ್ಟಿವೆ ಎಂದು ಎಣಿಸಲು ಹೇಳಿದೆ. ಹದಿನೈದು ಎಂದಿತು.

ಹದಿನೈದನೆಯದು ಕಣ್ಣಿಗೆ ಕಾಣದ್ದು. ಸಾಲಿನ ಕೊನೆಯ ಎಂಟರ್. ಪಾಸ್‌ವರ್ಡನ್ನು ಫೈಲಿಗೆ ಬರೆಯಲು ನಾನು ಬಳಸಿದ ಎಕೋ ಎನ್ನುವ ಆಜ್ಞೆ, ಬೇಡವೆಂದು ಹೇಳದಿದ್ದರೆ, ಸಾಲಿನ ಕೊನೆಗೆ ಒಂದು ಎಂಟರ್ ಸೇರಿಸಿಯೇ ಬರೆಯುತ್ತದೆ. ಬೇರೆ ಎಷ್ಟೋ ತಂತ್ರಾಂಶಗಳು ಅದನ್ನು ಉದುರಿಸಿಕೊಂಡು ಓದುತ್ತವೆ. ಎಲ್‌ಡ್ಯಾಪಿನ ಈ ಉಪಕರಣಗಳು ಫೈಲಿನಲ್ಲಿ ಇರುವುದೆಲ್ಲವೂ ಪಾಸ್‌ವರ್ಡೇ ಎಂದುಕೊಳ್ಳುತ್ತವೆ. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದರು, ನಾನು ಓದಿರಲಿಲ್ಲ. ಎಂಟರ್ ಇಲ್ಲದೆ ಮತ್ತೆ ಬರೆದೆ. ಹದಿನಾಲ್ಕು. ಸ್ಕ್ರಿಪ್ಟು ಓಡಿತು, ಹೆಸರುಗಳು ಒಂದರ ಹಿಂದೆ ಒಂದು ಒಳಗೆ ಹೋದವು.

ಅದನ್ನು ನೋಡುತ್ತಾ ಕೂತಾಗ ಹಿಂದಿನ ವರ್ಷದ ಒಬ್ಬ ಹುಡುಗ ನೆನಪಾದ. ಲಾಗಿನ್ ಆಗ್ತಿಲ್ಲ ಸರ್ ಎಂದು ಮೂರು ಸಲ ಬಂದಿದ್ದ. ಮೂರು ಸಲವೂ ‘ಸರಿಯಾಗಿ ಟೈಪ್ ಮಾಡಪ್ಪ’ ಎಂದು ತಲೆ ಎತ್ತದೆ ಹೇಳಿದ್ದೆ. ನಾಲ್ಕನೇ ಸಲ ಅವನು ಬರಲಿಲ್ಲ. ತಿಂಗಳಾದ ಮೇಲೆ ಬೇರೇನೋ ಹುಡುಕುವಾಗ ಕಂಡಿತು. ಮೊದಲ ಪಾಸ್‌ವರ್ಡು ಹುಟ್ಟಿದ ದಿನಾಂಕ, ಅವನದನ್ನು ನಾನೇ ತಪ್ಪಾಗಿ ತುಂಬಿದ್ದೆ. ಆ ತಿಂಗಳೆಲ್ಲ ಅವನು ತನ್ನ ಬೆರಳನ್ನೇ ಬೈದುಕೊಂಡಿರಬೇಕು.

ಬಾಗಿಲು ಕಾರಣ ಹೇಳದಿರುವುದು ಸರಿ ಎಂದು ಈಗಲೂ ಅನ್ನುತ್ತೇನೆ. ಅದಕ್ಕೆ ಕಳ್ಳನೂ ಒಂದೇ, ಒಡೆಯನೂ ಒಂದೇ. ಆದರೆ ಒಳಗೆ ಕೂತ ಮನುಷ್ಯನಿಗೆ ಎದುರಿಗೆ ನಿಂತವರ ಮುಖ ಕಾಣುತ್ತದೆ, ಲಾಗೂ ಕಾಣುತ್ತದೆ. ಅವನೂ ಬಾಗಿಲಿನ ಹಾಗೆಯೇ ‘ಆಗಲ್ಲ’ ಎಂದು ಸುಮ್ಮನಾದರೆ, ಹೊರಗೆ ನಿಂತವರು ತಪ್ಪನ್ನು ತಮ್ಮೊಳಗೇ ಹುಡುಕಿಕೊಳ್ಳುತ್ತಾರೆ. ಬೇರೆ ಕಡೆ ಹುಡುಕಲು ಅವರಿಗೆ ಏನೂ ಕಾಣುವುದಿಲ್ಲವಲ್ಲ.

ಈಗ ನನ್ನ ಕೋಣೆಯಲ್ಲಿ ಪರದೆ ಅಡ್ಡಕ್ಕೆ ತಿರುಗಿದೆ, ಬಂದ ಹುಡುಗರಿಗೂ ಕಾಣುತ್ತದೆ. ಅವರ ಹೆಸರನ್ನು ಅವರೆದುರಿಗೇ ಹುಡುಕುತ್ತೇನೆ. ಬಹಳ ಸಲ ಅವರು ತಪ್ಪು ಟೈಪ್ ಮಾಡಿರುತ್ತಾರೆ. ಕೆಲವು ಸಲ ನಾನು.

ಅವ್ವನ ಹೆಸರು ಎರಡು ಕಡೆಯೂ ಒಂದಾಗಿ ಹಣ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಈಗ ತಪ್ಪದೆ ಬರುತ್ತಿದೆ. ಮೊನ್ನೆ ಊರಿಗೆ ಹೋದಾಗ ನೋಡಿದರೆ ಮತ್ತೆ ಹೊಸಿಲ ಮೇಲೆ ಕೂತು ಹೆಬ್ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಬೆರಳು ಸರಿಯಾಗಿದೆ ಅಂತ ಅವತ್ತೇ ಹೇಳಿದರಲ್ಲವ್ವ ಅಂದೆ.

‘ಇರ್ಲಿ ಕನ ಮಗ’ ಅಂದಳು, ‘ಯಾವ್ದುಕ್ಕೂ.’