ಮೂರು ಕೋಣೆಯ ಮುಸಾಫರಿ ಬಂಗ್ಲೆ

ಅಬ್ಬಾ ತೀರಿಹೋದ ಮೇಲೆ ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಹಳೆಯ ಮನೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಮಾರಿ ಪಾಲು ಹಂಚಿಕೊಳ್ಳುವುದು ಸುಲಭದ ದಾರಿ. ಆದರೆ ಸಿರುಗುಪ್ಪದಲ್ಲಿರುವ ಆಪಾ ಗಂಡನನ್ನು ಕಳೆದುಕೊಂಡು, ಎರಡು ಎಕರೆ ಗದ್ದೆಯನ್ನೇ ನಂಬಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದರು. ಪಾಲಿಗೆ ಬರುವ ದುಡ್ಡು ಒಂದು ಮದುವೆಗೆ ಕರಗಿ ಹೋಗುತ್ತದೆ, ಮನೆ ಉಳಿದರೆ ತಿಂಗಳಿಗೆ ನಾಲ್ಕು ಕಾಸು ಬಂದೀತು ಎಂದು ಅಮ್ಮಿ ಹಟ ಹಿಡಿದರು. ಹಾಗೆ ನಾವು ಅಣ್ಣತಮ್ಮಂದಿರು, ಸೊಸೆಯಂದಿರು, ಮಕ್ಕಳು ಎಲ್ಲರೂ ಸೇರಿ ಆ ಮನೆಯನ್ನು ಮೂರು ಕೋಣೆಯ ವಸತಿಗೃಹ ಮಾಡಲು ಹೊರಟೆವು.

ಸಲಹೆ ಕೇಳಲು ಹೋದಾಗ ಪರಿಚಯದ ಎಂಜಿನಿಯರೊಬ್ಬರು, "ಈಗಿನ ಕಾಲಕ್ಕೆ ಬರೀ ಕೋಣೆ ನಡೆಯೋದಿಲ್ಲ, ಏನಾದರೂ ಥೀಮ್ ಬೇಕು" ಎಂದರು. ಸಿಮೆಂಟಿನಲ್ಲಿ ಹಂಪಿಯ ಕಲ್ಲಿನ ರಥ ಮಾಡಿಸೋಣವೆಂದರು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹಂಪಿಯೂ ಬಳ್ಳಾರಿ ಜಿಲ್ಲೆಯಿಂದ ಆಚೆ ಹೋಯಿತು. ಹೋದದ್ದನ್ನು ಸಿಮೆಂಟಿನಲ್ಲಿ ಹಿಡಿದಿಡುವುದು ನಮಗೆ ಸರಿಬರಲಿಲ್ಲ. "ಹಾಗಾದರೆ ನವಾಬಿ ಮಾಡಿ. ಕಮಾನು, ಹುಕ್ಕಾ, ಬಿರಿಯಾನಿ. ನಿಮ್ಮವರಿಗೆ ಅದೇ ಒಪ್ಪುತ್ತದೆ" ಎಂದರು. ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಅಮ್ಮಿ ನಕ್ಕುಬಿಟ್ಟರು. "ನಮ್ಮೋರು ನವಾಬರ ಅಂಗಿ ಹೊಲಿದಾರಪ್ಪಾ, ನಾಟಕದ ನವಾಬರದ್ದು. ತಾವು ಒಂದಿನಾನೂ ಹಾಕ್ಕೊಂಡಿಲ್ಲ."

ಅಬ್ಬಾ ದರ್ಜಿ. ಬಳ್ಳಾರಿ ರಾಘವರಂಥ ನಟನನ್ನು ಕಂಡ ಊರಿದು. ಇಲ್ಲಿ ನಾಟಕದ ಹುಚ್ಚು ದರ್ಜಿಗಳ ಹೊಟ್ಟೆಯನ್ನೂ ಹೊರೆದಿದೆ. ಆಮೇಲೆ ಊರಿಗೆ ಊರೇ ಜೀನ್ಸ್ ಹೊಲಿಯತೊಡಗಿದಾಗ ಅಬ್ಬಾನ ಮಿಷನ್ನೂ ಅತ್ತ ತಿರುಗಿತು. ಅಮ್ಮಿಯ ಆ ಒಂದು ಮಾತಿನಿಂದಲೇ ನಮಗೆ ದಾರಿ ಸಿಕ್ಕಿತು. ನಾವು ಬಾಳಿದ ಮೂರು ಊರುಗಳೇ ಮೂರು ಕೋಣೆಗಳಾಗಲಿ ಎಂದು ತೀರ್ಮಾನಿಸಿದೆವು.

ಬಳ್ಳಾರಿಯ ಕೋಣೆ ನಾಟಕದ ರಂಗ. ಒಂದಡಿ ಎತ್ತರದ ಹಲಗೆಯ ಮೇಲೆ ಹಾಸಿಗೆ, ಮುಂದೆ ಹಗ್ಗ ಎಳೆದರೆ ಬೀಳುವ ಪರದೆ. ಜೀನ್ಸ್ ಕೆಲಸದ ತಮ್ಮ ಉಳಿಕೆ ತುಂಡುಗಳನ್ನು ಜೋಡಿಸಿ ಹೊಲಿದ ನೀಲಿ ಪರದೆ ಅದು. ಮಲಗುವ ಮುನ್ನ ಹಗ್ಗ ಎಳೆದರೆ ಅಂದಿನ ಆಟ ಮುಗಿದಂತೆ.

ಸಿರುಗುಪ್ಪದ ಕೋಣೆ ಭತ್ತದ ಕಣಜ. ಗೋಡೆ ದುಂಡಗೆ, ಬಾಗಿಲು ಗಿಡ್ಡ, ಬಾಗಿಯೇ ಒಳಗೆ ಹೋಗಬೇಕು. ಎತ್ತರದವರ ಹಣೆಗೆ ಪೆಟ್ಟಾಗದಿರಲೆಂದು ಆಪಾ ಬಾಗಿಲ ಮೇಲೆ ಹತ್ತಿಯ ಸಿಂಬಿ ಕಟ್ಟಿದ್ದಾರೆ. ಮಕ್ಕಳು ಗೋಡೆಯ ಸುತ್ತ ತುಂಗಭದ್ರೆಯ ಕಾಲುವೆ ಬರೆದು ಅದರಲ್ಲಿ ಕಾಗದದ ದೋಣಿ ಬಿಟ್ಟಿದ್ದಾರೆ. ಆ ಕಾಲುವೆ ಬರೆಯುತ್ತಿದ್ದ ದಿನಗಳಲ್ಲೇ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಆಪಾ ಕೊಡಬೇಕಿದ್ದ ಹಣ ಬರಬೇಕಾದದ್ದು ಆ ವರ್ಷದ ಬೆಳೆಯಿಂದ. ಗಾರೆ ಕೆಲಸ ನಿಲ್ಲಿಸಿ ದಿನವೂ ಜಲಾಶಯದ ಮಟ್ಟ ಕೇಳುತ್ತಾ ಕೂತೆವು. ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಮತ್ತೆ ನೀರು ಬಂದು ಜಲಾಶಯ ತುಂಬಿತು. ಆಮೇಲೆಯೇ ಗೋಡೆಯ ಕಾಲುವೆಗೂ ಬಣ್ಣ ಬಿದ್ದದ್ದು.

ಮೂರನೆಯದು ಅಮ್ಮಿಯ ತವರು ಕುರುಗೋಡು. ಬಂಡೆಗುಡ್ಡಗಳ ಊರು. ಅದಕ್ಕೆ ಕೋಣೆಯನ್ನು ಗವಿಯ ಹಾಗೆ ಮಾಡಿ, ಮಂಚದ ಬದಲು ಕಲ್ಲುಕಟ್ಟೆ ಕಟ್ಟಿಸಿದೆವು. ಕಟ್ಟೆ ಕಿಟಕಿಗಿಂತ ಗೇಣು ಎತ್ತರವಾದಾಗ ಗೌಂಡಿ ತಲೆ ಕೆರೆದುಕೊಂಡ. ಕೋಟೆ ಮುಗಿದ ಮೇಲೆ ಎದುರಿನ ಕುಂಬಾರಗುಡ್ಡವೇ ಎತ್ತರವೆಂದು ಕಂಡು, ಹೈದರಾಲಿ ತನ್ನ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಕತೆ ಬಳ್ಳಾರಿಯಲ್ಲಿ ಎಲ್ಲರಿಗೂ ಗೊತ್ತು. "ಸದ್ಯ ನೀವು ಹೈದರಾಲಿ ಅಲ್ಲಲ್ಲ ಅಮ್ಮಾ" ಎಂದು ಗೌಂಡಿ ಕಲ್ಲು ಬಿಚ್ಚತೊಡಗಿದ.

ಕೋಣೆ ಕಟ್ಟುವುದಕ್ಕಿಂತ ಕಷ್ಟವಾದದ್ದು ಒಲೆಯ ಪ್ರಶ್ನೆ. ಬಳ್ಳಾರಿಗೆ ಬರುವವರಲ್ಲಿ ಊರು ನೋಡುವವರು ಕಡಿಮೆ. ಆಸ್ಪತ್ರೆಗೆ, ಕೋರ್ಟಿಗೆ, ಪರೀಕ್ಷೆಗೆ ಬಂದವರು ಹೆಚ್ಚು. ಕೋಣೆ ಇದೆಯೇ ಎಂದು ಫೋನಿನಲ್ಲಿ ಕೇಳುತ್ತಾರೆ, ಯಾರು ಮಾತಾಡೋದು ಎನ್ನುತ್ತಾರೆ, ನಮ್ಮ ಹೆಸರು ಕೇಳಿದ ಮೇಲೆ ಕೆಲವರು "ಆಮೇಲೆ ಹೇಳ್ತೀವಿ" ಎಂದು ಇಟ್ಟುಬಿಡುತ್ತಾರೆ. "ಶುದ್ಧ ಶಾಕಾಹಾರಿ ಅಂತ ಬೋರ್ಡು ಹಾಕೋಣ, ಹೆಸರೂ ಇಂಗ್ಲಿಷಿನಲ್ಲಿರಲಿ" ಎಂದ ತಮ್ಮ. "ನಮ್ಮ ಒಲೆ ಬಗ್ಗೆ ನಾವೇ ಸುಳ್ಳು ಬರೆಸಬೇಕಾ?" ಎಂದರು ಆಪಾ. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಆಗ ಅಮ್ಮಿ ತಮ್ಮ ಅಬ್ಬಾನ ಕಾಲದ ಸಂಗತಿ ಹೇಳಿದರು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರಿಗೆ ಬಂಡಿ ಕಟ್ಟಿಕೊಂಡು ಬಂದವರು ಅವರ ಮನೆಯ ಕಟ್ಟೆಯ ಮೇಲೂ ಇಳಿದುಕೊಳ್ಳುತ್ತಿದ್ದರಂತೆ. ನಾನಾ ಅವರಿಗೆ ಅನ್ನ ಬಡಿಸುತ್ತಿರಲಿಲ್ಲ. ಅಕ್ಕಿ, ಬೇಳೆ, ಬೆಲ್ಲ, ಸೌದೆ ಎಲ್ಲಾ ಪಡಿ ಕೊಟ್ಟು, ಬೇವಿನ ಮರದ ಕೆಳಗೆ ಮೂರು ಕಲ್ಲು ಇಡುತ್ತಿದ್ದರು. ಅವರ ಅಡುಗೆ ಅವರದು. ಅದರಲ್ಲಿ ಅವಮಾನವೆಂದು ಯಾರೂ ತಿಳಿದಿರಲಿಲ್ಲ.

ಕೇಳುತ್ತಿದ್ದ ನಮಗೆ ಅಬ್ದುಲ್ ರಜಾಕ್ ನೆನಪಾದ. ತೈಮೂರ್ ವಂಶದ ಶಾರುಖ್ ಬಾದಶಹನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದವನು. ಎರಡನೆಯ ದೇವರಾಯನು ಆತನಿಗೆ ಮನೆ ಕೊಟ್ಟು, ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ ಮತ್ತು ಸಕ್ಕರೆ, ಎರಡು ವರಹ ಕಳಿಸುತ್ತಿದ್ದನೆಂದು ಆತನೇ ಬರೆದಿದ್ದಾನೆ. ಅದೂ ಬೇಯಿಸಿದ ಊಟವಲ್ಲ, ಪಡಿಯೇ. ರಾಯನ ಅರಮನೆಯಲ್ಲೂ ನಮ್ಮ ನಾನಾನ ಕಟ್ಟೆಯಲ್ಲೂ ಅತಿಥಿಗೆ ಅವನದೇ ಒಲೆ ಬಿಟ್ಟುಕೊಡುವ ಒಂದೇ ರೀತಿಯಿತ್ತು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಕಾಲ ಬರಲಿ, ಅದು ಇನ್ನೂ ದೊಡ್ಡದು. ಅಲ್ಲಿಯವರೆಗೆ ಒಂದೇ ಸೂರಿನ ಕೆಳಗೆ ಎರಡು ಒಲೆ ಉರಿಯುವುದೂ ಸಣ್ಣ ಮಾತಲ್ಲ.

ಹಿತ್ತಲಲ್ಲಿ ತಗಡಿನ ನೆರಳು ಮಾಡಿ ಒಲೆ, ಹೊಸ ಪಾತ್ರೆ ಇಟ್ಟೆವು. ಕೋಣೆಗೊಂದು ಬುಟ್ಟಿ: ಸಿರುಗುಪ್ಪದ ಅಕ್ಕಿ, ಜೋಳದ ಹಿಟ್ಟು, ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲ. ಬೇಕಾದವರು ಬೇಯಿಸಿಕೊಳ್ಳಬಹುದು, ಬೇಡವಾದರೆ ಅಮ್ಮಿಯ ಅಡುಗೆ ಇದ್ದೇ ಇದೆ. ಬೆಳಿಗ್ಗೆ ಎಲ್ಲರಿಗೂ ಒಗ್ಗಾಣಿ, ಮಿರ್ಚಿ.

ಬೋರ್ಡಿನ ಮೇಲೆ 'ಮುಸಾಫರಿ ಬಂಗ್ಲೆ' ಎಂದಷ್ಟೇ ಬರೆಸಿದೆವು. ಹಿಂದೆ ಸರಕಾರಿ ಬಂಗಲೆಗಳಿಗೆ ಕನ್ನಡದ ಜನ ಇಟ್ಟುಕೊಂಡ ಹೆಸರು ಅದು. ಮುಸಾಫಿರ್ ಅರಬ್ಬಿಯದು, ಬಂಗ್ಲೆ ಬಂಗಾಳದ್ದು. ಎರಡೂ ನಮ್ಮ ಮಾತಿನಲ್ಲಿ ಬಂದು ತಂಗಿ, ಇಲ್ಲೇ ಉಳಿದುಬಿಟ್ಟಿವೆ.

ಫೋನು ಇಡುವವರು ಈಗಲೂ ಇದ್ದಾರೆ. ಸಾಲದ ಕಂತು ಕಟ್ಟಿ ಆಪಾಗೆ ಉಳಿಯುವುದು ಮಕ್ಕಳ ಫೀಸಿಗೆ ಸಾಕು, ಹೆಚ್ಚಿಲ್ಲ. ಹೋದ ತಿಂಗಳು ಮಗನ ಆಪರೇಷನ್ನಿಗೆಂದು ಬಂದ ಹಳ್ಳಿಯ ದಂಪತಿ ಕಣಜದ ಕೋಣೆಯಲ್ಲಿ ಎಂಟು ದಿನ ಇದ್ದರು. ಮೊದಲ ದಿನ ಹಿತ್ತಲಲ್ಲೇ ರೊಟ್ಟಿ ಬಡಿದುಕೊಂಡರು. ನಾಲ್ಕನೆಯ ದಿನ ಆ ತಾಯಿ ಅಮ್ಮಿಯ ಹತ್ತಿರ ಬಂದು, "ಅಕ್ಕಾರ, ಇವತ್ತು ಆಸ್ಪತ್ರ್ಯಾಗ ತಡ ಆಗತೈತಿ, ನಮಗೂ ಎರಡು ಹಾಕಿಬಿಡ್ರಿ" ಎಂದರು.