ಅಕ್ಷರದ ಅಳತೆ

'ಅಕ್ಷರ'ವೆಂದರೆ ಕ್ಷಯವಿಲ್ಲದುದು, ನಾಶವಿಲ್ಲದುದು ಎಂದು ನಮ್ಮ ಪೂರ್ವಿಕರು ಅರ್ಥ ಹೇಳಿದರು. ಆದರೆ ನಾಶವಿಲ್ಲದ ವಸ್ತುವೂ ಕಣ್ಣಿಗೆ ಕಾಣದೆ ಹೋದರೆ ಓದುವವನ ಪಾಲಿಗೆ ಅದು ಇದ್ದೂ ಇಲ್ಲದಂತೆಯೇ ಸರಿ. ಶಾಲೆಯಿಂದ ಮನೆಗೆ ಮರಳಿದ ಬಾಲಕರು ಮೊಬೈಲಿನಲ್ಲಿಯೂ ಟೀವಿಯ ಪರದೆಯಲ್ಲಿಯೂ ಆಡುವ ವಿಡಿಯೋ ಗೇಮುಗಳಲ್ಲಿ ಇಂದು ಇಂಥ ಸನ್ನಿವೇಶ ಒದಗಿದೆ. ಅಲ್ಲಿ ಬೆಟ್ಟ, ಕೋಟೆ, ಕುದುರೆ, ಸೈನಿಕ ಎಲ್ಲವೂ ಕಣ್ಣಿಗೆ ಕಟ್ಟುವಂತೆ ಮೂಡುತ್ತವೆ. ಮುಂದೇನು ಮಾಡಬೇಕೆಂದು ತಿಳಿಸುವ ಬರಹ ಮಾತ್ರ ಪರದೆಯ ಮೂಲೆಯಲ್ಲಿ ಸಾಸಿವೆ ಚೆಲ್ಲಿದಂತೆ ಬಿದ್ದಿರುತ್ತದೆ.

ಇದು ಮಕ್ಕಳಾಟಿಕೆಯ ಮಾತೆಂದು ತಳ್ಳಿಹಾಕುವುದು ಸುಲಭ. ತೆಂಗಿನ ತೋಟದ ಮನೆಯೊಂದರ ಜಗಲಿಯಲ್ಲಿ ನಡೆಯಬಹುದಾದ ಸಂಭಾಷಣೆಯನ್ನು ಊಹಿಸಿಕೊಂಡರೆ ಅದರ ಗಾಂಭೀರ್ಯ ತಿಳಿಯುತ್ತದೆ. "ಏನೋ ಬರ್ದೈತಲ್ಲೋ, ಓದೋ ಮಗ" ಎಂದು ಅಜ್ಜಿ ಕೇಳುತ್ತಾಳೆ. "ಕಾಣಾಕಿಲ್ಲ ಕಣಜ್ಜಿ, ಸುಮ್ಕೆ ಒತ್ತಿದ್ರಾಯ್ತು" ಎಂದು ಮೊಮ್ಮಗ ಉತ್ತರಿಸುತ್ತಾನೆ. ಓದದೆ ಒತ್ತುವ ಈ ಅಭ್ಯಾಸವು ಆಟದೊಂದಿಗೆ ಮುಗಿಯುವುದಿಲ್ಲ. ಇಂದು ಆಟದ ಸೂಚನೆಯನ್ನು ಓದದೆ ಒತ್ತುವ ಬೆರಳು ನಾಳೆ ಸಾಲದ ಕರಾರಿಗೂ ಬ್ಯಾಂಕಿನ ನಿಬಂಧನೆಗೂ ಅದೇ ರೀತಿಯಲ್ಲಿ ಒಪ್ಪಿಗೆಯನ್ನು ಒತ್ತುತ್ತದೆ. ಹೆಬ್ಬೆಟ್ಟಿನ ಕಾಲವನ್ನು ದಾಟಿಸಬೇಕೆಂದು ಹಳ್ಳಿಹಳ್ಳಿಗಳಲ್ಲಿ ಶಾಲೆಗಳು ತಲೆಯೆತ್ತಿದವು. ಓದು ಬಲ್ಲ ಬಾಲಕನು ಓದಲಾಗದೆ ಪುನಃ ಹೆಬ್ಬೆಟ್ಟನ್ನೇ ಒತ್ತುವಂತಾದರೆ ಆ ಶ್ರಮಕ್ಕೆ ಅರ್ಥವೇನು?

ಈ ದೋಷ ಹುಟ್ಟುವ ಬಗೆಯನ್ನು ತಿಳಿಯಲು ಹೊರದೇಶದ ಒಂದು ನಿದರ್ಶನ ಸಾಕು. 2006ರಲ್ಲಿ ಜಪಾನಿನ ಕ್ಯಾಪ್ಕಾಮ್ ಸಂಸ್ಥೆಯು 'ಡೆಡ್ ರೈಸಿಂಗ್' ಎಂಬ ಆಟವನ್ನು ಹೊರತಂದಿತು. ಅಂದು ಹೊಸದಾಗಿ ಬರುತ್ತಿದ್ದ, 720 ಅಥವಾ 1080 ಗೆರೆಗಳ ಸ್ಪಷ್ಟ ಪರದೆಗಳಿಗೆ ತಕ್ಕಂತೆ ಅದರ ಅಕ್ಷರಗಳು ರೂಪುಗೊಂಡಿದ್ದವು. ಆದರೆ ಬಹುಮಂದಿಯ ಮನೆಗಳಲ್ಲಿದ್ದುದು 480 ಅಥವಾ 576 ಗೆರೆಗಳ ಹಳೆಯ ಟೀವಿ. ಅದರಲ್ಲಿ ಆಟದ ಸೂಚನೆಗಳು ಕಲಸಿಹೋದುವು. ಏನು ಮಾಡಬೇಕೆಂದು ತಿಳಿಯದೆ ಆಟಗಾರರು ತೊಳಲಿದರು. ತಯಾರಕನು ತನ್ನ ಮೇಜಿನ ಮೇಲಿನ ಪರದೆಯನ್ನೇ ಲೋಕದ ಪರದೆಯೆಂದು ಭಾವಿಸಿದುದು ಇದರ ಮೂಲ. 2015ರಲ್ಲಿ ಬಂದ ಪೋಲೆಂಡ್ ದೇಶದ 'ದಿ ವಿಚರ್ 3' ಆಟದಲ್ಲಿಯೂ ಅಕ್ಷರಗಳು ಕಿರಿದೆಂಬ ದೂರು ಎದ್ದಿತು. ತಯಾರಕರು ಬಳಿಕ ಅವುಗಳನ್ನು ಹಿರಿದುಗೊಳಿಸಿದರು. ಮೈಕ್ರೋಸಾಫ್ಟ್ ಸಂಸ್ಥೆಯು ಆಟಗಳ ತಯಾರಕರಿಗೆ ನೀಡಿರುವ ಮಾರ್ಗಸೂಚಿಯು, 1080 ಗೆರೆಗಳ ಟೀವಿ ಪರದೆಯಲ್ಲಿ ಬರಹವು 26 ಬಿಂದುಗಳಿಗಿಂತ ಕಿರಿದಾಗಬಾರದೆಂದೂ, ಓದುವವನು ಅದನ್ನು ಎರಡರಷ್ಟು ಹಿಗ್ಗಿಸಿಕೊಳ್ಳುವ ಅನುಕೂಲವಿರಬೇಕೆಂದೂ ಸೂಚಿಸುತ್ತದೆ.

ಇಂಗ್ಲಿಷಿಗೆ ಸಾಕೆನಿಸುವ ಅಳತೆ ಕನ್ನಡಕ್ಕೆ ಸಾಲದು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರವಾದರೋ ತಲೆಯ ಮೇಲೆ ಗುಡಿಸನ್ನು ಹೊತ್ತು, ಅಡಿಯಲ್ಲಿ ಒತ್ತನ್ನು ಧರಿಸಿ ನಿಲ್ಲತಕ್ಕುದು. 'ಶಾಸ್ತ್ರ', 'ರಾಷ್ಟ್ರ', 'ಸ್ತ್ರೀ' ಮೊದಲಾದ ಶಬ್ದಗಳಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತುಗಳು. ಇವೆಲ್ಲವನ್ನೂ ಇಂಗ್ಲಿಷಿಗೆ ಗೊತ್ತುಪಡಿಸಿದ ಎತ್ತರದಲ್ಲಿಯೇ ತುರುಕಿದರೆ ಮೂಲಾಕ್ಷರವು ಕುಗ್ಗುತ್ತದೆ, ಒತ್ತು ಚುಕ್ಕೆಯಾಗುತ್ತದೆ. ಮೇಲಾಗಿ ನಮ್ಮ ಲಿಪಿಯಲ್ಲಿ ಒಂದು ಕಿರುಗೆರೆಯಿಂದ ಅಕ್ಷರವೇ ಬೇರೆಯಾಗುತ್ತದೆ. 'ಪ'ಕಾರದ ಹೊಟ್ಟೆಯೊಳಗೆ ಗೆರೆ ಬಂದರೆ 'ಷ'; ಅಡಿಯಲ್ಲಿ ಸೀಳು ಬಂದರೆ 'ಫ'. 'ದ'ಕಾರಕ್ಕೆ ಸೀಳು ಬಂದರೆ 'ಧ'. ಆ ಸೀಳು ಕಾಣದಿದ್ದರೆ ಧನವಂತನು ದನವಂತನಾಗುತ್ತಾನೆ. ಮಕಾರದ ಕೊಂಬು ಅಳಿಸಿ ವಕಾರವಾದರೆ ಮರವು ವರವಾಗುತ್ತದೆ. ಕಲ್ಪತರು ನಾಡೆನಿಸಿದ ಈ ಸೀಮೆಯಲ್ಲಿ ತೆಂಗಿನ ಮರವನ್ನು ವರವೆಂದು ಓದಿದರೆ ಹಾನಿಯೇನೂ ಇಲ್ಲ. ಎಲ್ಲ ಶಬ್ದಗಳಿಗೂ ಆ ಭಾಗ್ಯವಿರದು.

ಅಂಕಿಗಳ ಗತಿಯೂ ಇದೇ. ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ವ್ಯಾಪಾರವು ಈಗ ಗಣಕಯಂತ್ರದ ಟೆಂಡರಿನ ಮೂಲಕ ನಡೆಯುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತನೂ ಅಲ್ಲಿಯ ಧಾರಣೆಯನ್ನು ಅಂಗೈಯ ಮೊಬೈಲಿನಲ್ಲಿ ನೋಡುತ್ತಾನೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಅದರಲ್ಲಿಯ ಎರಡನೆಯ 1 ಎಂಬ ಅಂಕಿ 7ರಂತೆ ತೋರಿದರೆ ಕ್ವಿಂಟಾಲೊಂದಕ್ಕೆ 600 ರೂಪಾಯಿಗಳ ಭ್ರಾಂತಿ. ನಲವತ್ತು ದಾಟಿದ ಕಣ್ಣಿಗೆ ಹತ್ತಿರದ ಸಣ್ಣ ಬರಹ ಮಸಕಾಗುವುದು ಪ್ರಕೃತಿನಿಯಮ. ಹೀಗೆ ಮೊಮ್ಮಗನ ಆಟದ ತೊಡಕೂ ಅಜ್ಜನ ವ್ಯಾಪಾರದ ತೊಡಕೂ ಒಂದೇ ಆಗುತ್ತದೆ.

ಓದುಗನ ಅನುಕೂಲವನ್ನು ಚಿಂತಿಸುವುದು ಈ ನಾಡಿಗೆ ಹೊಸತಲ್ಲ. ಬಿ. ಎಲ್. ರೈಸ್ ಅವರು 1904ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟದಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಗಳು ದೇವಾಲಯದ ಅಂಗಳದಲ್ಲಿಯೂ ಕೆರೆಯ ಏರಿಯ ಮೇಲೂ ಬಂದವರು ನಿಂತು ಓದಲೆಂದು ಕಲ್ಲಿನಲ್ಲಿ ಕಂಡರಿಸಿದವು. ತಾಳೆಯೋಲೆಯ ಲಿಪಿಕಾರನಿಗೆ ಅಂಗೈಯಗಲಕ್ಕಿಂತಲೂ ಕಿರಿದಾದ ಗರಿಯಲ್ಲಿ ಪದಗಳ ನಡುವೆ ತೆರಪಿಲ್ಲದೆ ಬರೆಯುವ ಅನಿವಾರ್ಯವಿತ್ತು. ಆದರೂ ಕಂಟದಿಂದ ಕೊರೆದ ಗೆರೆಗಳಿಗೆ ಮಸಿಯನ್ನು ತುಂಬಿ ಅವು ಕಾಣುವಂತೆ ಮಾಡಿದನು. ಅಂಥ ಓಲೆಗಳಲ್ಲಿ ಹುದುಗಿದ್ದ ಶರಣರ ನುಡಿಯನ್ನು ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದರು. ಓಲೆಯ ಲಿಪಿಯನ್ನು ಬಲ್ಲ ಕೆಲವರ ಸೊತ್ತಾಗಿದ್ದುದು ಆಗ ಸಾಮಾನ್ಯ ಓದುಗನಿಗೂ ಎಟುಕಿತು. ಬಿಡಿಸಿ ಓದಲಾಗುವಂತೆ ಮಾಡಿಕೊಟ್ಟುದೇ ಅವರ ದಾಸೋಹ.

ತರಗತಿಯಲ್ಲಿ ಒಳ್ಳೆಯ ಉಪಾಧ್ಯಾಯನು ಇದೇ ಧರ್ಮವನ್ನು ಪಾಲಿಸುತ್ತಾನೆ. ಕರಿಹಲಗೆಯ ಮೇಲಿನ ಬರಹವು ಕಡೆಯ ಬೆಂಚಿನ ಬಾಲಕನಿಗೆ ಕಾಣುವುದೋ ಇಲ್ಲವೋ ಎಂದು ತಾನೇ ಹಿಂದೆ ಹೋಗಿ ನಿಂತು ನೋಡುತ್ತಾನೆ. ಮುಂದಿನ ಸಾಲಿನವರಿಗೆ ಕಂಡಿತೆಂಬುದರಿಂದ ಅವನಿಗೆ ಸಮಾಧಾನವಾಗದು. ಕಾಣದ ಬಾಲಕನು ತನಗೆ ಕಾಣದೆಂದು ಹೇಳುವುದು ಅಪರೂಪ. "ನನಗೆ ಬರುವುದಿಲ್ಲ" ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾನೆ, ನೋಡಿದವರು ದಡ್ಡನೆನ್ನುತ್ತಾರೆ. ಪರದೆಯ ಮುಂದೆ ಕುಳಿತ ಬಾಲಕನ ಪಾಡೂ ಇದೇ.

ಮಠದ ಶಾಲೆಗಳಲ್ಲಿ ಕಲಿತ ಅನೇಕರು ಇಂದು ಬೆಂಗಳೂರಿನಲ್ಲಿಯೂ ಹೊರನಾಡುಗಳಲ್ಲಿಯೂ ಗಣಕಯಂತ್ರದ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. ತಾವು ರಚಿಸಿದ ಪರದೆಯನ್ನು ಕಚೇರಿಯ ದೊಡ್ಡ ಯಂತ್ರದಲ್ಲಿ ನೋಡಿದ ಮೇಲೆ, ಊರಿಗೆ ಬಂದಾಗ ಮನೆಯ ಹಳೆಯ ಮೊಬೈಲಿನಲ್ಲಿಯೂ ಒಮ್ಮೆ ತೆರೆದು, 'ಶಾಸ್ತ್ರ' ಎಂಬ ಶಬ್ದವನ್ನು ಅಜ್ಜಿಯೂ ಮಗುವೂ ಓದಬಲ್ಲರೇ ಎಂದು ಪರೀಕ್ಷಿಸುವುದು ಅವರಿಗೆ ಕಷ್ಟವಲ್ಲ. ಶಾಲೆಗೆ ಗಣಕಯಂತ್ರಗಳನ್ನು ದಾನವಾಗಿತ್ತ ಮಹನೀಯರು ಪರದೆಗಳು ಎಷ್ಟೆಂದು ಎಣಿಸುವುದರ ಜೊತೆಗೆ, ಅವುಗಳ ಮುಂದೆ ಕುಳಿತ ಮಕ್ಕಳು ಅಲ್ಲಿಯ ಬರಹವನ್ನು ಓದುತ್ತಿರುವರೇ ಎಂದೂ ವಿಚಾರಿಸಬಹುದು. ಉಪಾಧ್ಯಾಯರಾದರೋ ಬಾಲಕನಿಗೆ "ತಿಳಿಯಿತೇ?" ಎಂದು ಕೇಳುವ ಮೊದಲು "ಕಾಣುತ್ತದೆಯೇ?" ಎಂದು ಕೇಳಿದರೆ ಒಳಿತು. ಕಾಣುವುದಿಲ್ಲವೆಂದು ಅವನು ಹೇಳಿದರೆ ಅಕ್ಷರವನ್ನು ಹಿಗ್ಗಿಸಿ ತೋರಿಸಲಿ. ಓದಿ ಮುಗಿಸಿದ ಮೇಲೆ ಒತ್ತು ಎಂದು ಕಲಿಸಲಿ.