ನನ್ನ ಗಡಿಯಾರದ ನಲವತ್ತು ಸೆಕೆಂಡು

ಅಳತೆಯಲ್ಲಿ ಆಗುವ ಮೋಸ ಅಂಗಡಿಯ ತಕ್ಕಡಿಗೆ ಮಾತ್ರ ಸಂಬಂಧಿಸಿದ್ದೆಂದು ನಾನು ಬಹುಕಾಲ ನಂಬಿದ್ದೆ. ನಮ್ಮದು ಸಕಲೇಶಪುರ, ಆಲೂರು ತಾಲ್ಲೂಕುಗಳ ಗಡಿಯ ಗುಡ್ಡದ ಮೇಲಿನ ಸಣ್ಣ ಕಾಫಿ ತೋಟ. ಕೊಯ್ಲಿಗೆ ಮುಂಚೆ ಹಣ್ಣು ತೂಗುವ ತಕ್ಕಡಿಯನ್ನು ಸರಿನೋಡಿಸುವುದು, ತೂಕದ ಕಲ್ಲುಗಳಿಗೆ ಮುದ್ರೆ ಬಿದ್ದಿದೆಯೇ ಎಂದು ಪರೀಕ್ಷಿಸುವುದು ತಂದೆಯವರ ಕಾಲದಿಂದ ನಡೆದುಬಂದ ಪದ್ಧತಿ. ಅದನ್ನು ನಾನೂ ತಪ್ಪದೆ ಪಾಲಿಸುತ್ತಿದ್ದೆ. ಆದರೆ ನನ್ನ ಎಡಗೈಯ ಮಣಿಕಟ್ಟಿನ ಮೇಲೆಯೇ ಇನ್ನೊಂದು ತಕ್ಕಡಿ ಇದೆಯೆಂಬುದು ಒಂದು ಮಳೆಗಾಲದವರೆಗೆ ನನಗೆ ಹೊಳೆದಿರಲಿಲ್ಲ.

1994ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಬ್ರೆಜಿಲ್ ದೇಶದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟುಹೋದವು. ಎಲ್ಲೋ ದೂರದ ರೈತರ ನಷ್ಟ ನಮ್ಮ ಗುಡ್ಡಗಳಿಗೆ ಲಾಭವಾಗಿ ಬಂದಿತು. ಕಾಫಿಗೆ ಕಂಡರಿಯದ ಬೆಲೆ ಸಿಕ್ಕಿತು. ಆ ಹಣದಲ್ಲಿ ಸಾಲ ತೀರಿತು, ಮನೆಗೆ ಹೆಂಚು ಬದಲಾಯಿತು. ಉಳಿದುದರಲ್ಲಿ ನಾನು ವಿದೇಶದಲ್ಲಿದ್ದ ಭಾವಮೈದುನನ ಮೂಲಕ ಒಂದು ಸ್ವಿಸ್ ಕೈಗಡಿಯಾರ ತರಿಸಿಕೊಂಡೆ. ಸೆಲ್ ಬೇಡದ, ಕೈಯ ಚಲನೆಯಿಂದಲೇ ಕೀಲಿ ಸುತ್ತಿಕೊಳ್ಳುವ ಯಂತ್ರ. ಅದರ ಬೆಲೆ ನಮ್ಮ ಒಬ್ಬ ಆಳಿನ ಎಷ್ಟು ವರ್ಷಗಳ ಕೂಲಿಗೆ ಸಮವೆಂದು ಆಗ ಲೆಕ್ಕ ಹಾಕಲಿಲ್ಲ. ಹಾಕಿದ್ದರೆ ಪರಿಗ್ರಹದ ವಿಷಯವಾಗಿ ಕೇಳಿದ ಪ್ರವಚನಗಳು ನೆನಪಿಗೆ ಬರುತ್ತಿದ್ದವೋ ಏನೋ.

ಐದಾರು ವರ್ಷ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ಬಂದ ಒಂದು ಮಳೆಗಾಲದಲ್ಲಿ ಈ ಪ್ರಸಂಗ ನಡೆಯಿತು. ಮೊಬೈಲ್ ಫೋನು ನಮ್ಮ ಗುಡ್ಡಗಳನ್ನು ಇನ್ನೂ ಹತ್ತಿರಲಿಲ್ಲ. ಜುಲೈ ತಿಂಗಳೆಂದರೆ ಇಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದು. ಮರ ಬಿದ್ದು ವಿದ್ಯುತ್ ತಂತಿಯೂ ಟೆಲಿಫೋನ್ ತಂತಿಯೂ ಒಟ್ಟಿಗೇ ತುಂಡಾಗುತ್ತವೆ. ಒಂದು ಭಾನುವಾರ ಸಂಜೆ ರೇಡಿಯೋ ಕೇಳಿ ಗಡಿಯಾರವನ್ನು ಸರಿಪಡಿಸಿಕೊಂಡಿದ್ದೆ. ಮರುದಿನವೇ ರೇಡಿಯೋದ ಸೆಲ್ಲು ಮುಗಿಯಿತು. ಹೊಸತನ್ನು ತರಿಸಲು ನನಗೆ ಅವಸರವೂ ಇರಲಿಲ್ಲ. ಕೈಯಲ್ಲಿ ಅಂಥ ಗಡಿಯಾರವಿತ್ತಲ್ಲ!

ನಮ್ಮ ತೋಟದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಹಾಜರಿ ಹಿಡಿಯುವವನು ಮೇಸ್ತ್ರಿ; ಅದು ಆತನ ಎಚ್‌ಎಂಟಿ ಗಡಿಯಾರದಂತೆ. ಸಂಜೆ ಐದಕ್ಕೆ ತೂಗುಹಾಕಿದ ಕಂಬಿಯ ತುಂಡನ್ನು ಬಡಿಸಿ ಕೆಲಸ ಬಿಡಿಸುವವನು ನಾನು. ಅದು ನನ್ನ ಗಡಿಯಾರದಂತೆ. ಎರಡನೆಯ ಭಾನುವಾರ ಮನೆಯ ಗೋಡೆಗಡಿಯಾರ ನನ್ನದಕ್ಕಿಂತ ಒಂಬತ್ತು ನಿಮಿಷ ಮುಂದಿರುವುದು ಕಂಡಿತು. ಕ್ಷಣವೂ ಯೋಚಿಸದೆ ಅದರ ಮುಳ್ಳನ್ನು ಹಿಂದಕ್ಕೆ ತಿರುಗಿಸಿದೆ. ಸತ್ಯ ಹೇಳುತ್ತಿದ್ದ ಬಡ ಸಾಕ್ಷಿಯನ್ನು ಶ್ರೀಮಂತ ಸಾಕ್ಷಿಯ ಮಾತಿಗೆ ತಕ್ಕಂತೆ ತಿದ್ದಿದಂತಾಯಿತು.

ಮೂರನೆಯ ಭಾನುವಾರ ಹಾಸನಕ್ಕೆ ಹೋಗಬೇಕೆಂದು ಸಕಲೇಶಪುರದ ಬಸ್ ನಿಲ್ದಾಣಕ್ಕೆ ಬಂದರೆ ಬಸ್ಸು ಹೊರಟುಹೋಗಿತ್ತು. ವೇಳೆಗೆ ಮುಂಚೆ ಬಿಟ್ಟಿರೆಂದು ಅಲ್ಲಿದ್ದವರೊಡನೆ ವಾದಿಸಿದೆ. ಸುತ್ತಲಿನ ಮೂರು ಜನ ತಮ್ಮ ತಮ್ಮ ಕೈ ನೋಡಿ ಒಂದೇ ಹೊತ್ತು ಹೇಳಿದರು. ನನ್ನ ಗಡಿಯಾರ ಹದಿನಾಲ್ಕು ನಿಮಿಷ ಹಿಂದಿತ್ತು. ಇಪ್ಪತ್ತೊಂದು ದಿನಗಳಲ್ಲಿ ಹದಿನಾಲ್ಕು ನಿಮಿಷವೆಂದರೆ ದಿನಕ್ಕೆ ನಲವತ್ತು ಸೆಕೆಂಡು.

ಮುಂದಿನ ಬಸ್ಸಿನಲ್ಲಿ ಹಾಸನ ತಲಪಿ ಒಬ್ಬ ಹಿರಿಯ ರಿಪೇರಿಯವರ ಬಳಿ ಹೋದೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನನಗೂ ತೋರಿಸಿದರು. ಕೂದಲೆಳೆಯಂಥ ಸುರುಳಿಯೊಂದರ ಬಲದಿಂದ ಪುಟ್ಟ ಚಕ್ರವೊಂದು ಅತ್ತಿಂದಿತ್ತ ತೂಗಾಡುತ್ತಿತ್ತು. ಅದಕ್ಕೆ ಬ್ಯಾಲೆನ್ಸ್ ಎಂದೇ ಹೆಸರು; ಅಂದರೆ ತಕ್ಕಡಿ! ಅದು ಗಂಟೆಗೆ 28,800 ಬಾರಿ ಬಡಿಯುತ್ತದೆ. ದಿನವೊಂದಕ್ಕೆ ಸುಮಾರು ಏಳು ಲಕ್ಷ ಬಾರಿ. ಎಣ್ಣೆ ಹಳತಾಗಿ ಜಿಡ್ಡುಗಟ್ಟಿದರೆ ಚಕ್ರದ ತೂಗಾಟ ಕುಗ್ಗುತ್ತದೆ, ನಡಿಗೆ ಕೆಡುತ್ತದೆ. ಅಯಸ್ಕಾಂತದ ಬಳಿ ಇಟ್ಟರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಮುಂದೋಡುತ್ತದೆ. ಮಲಗಿಸಿಟ್ಟಾಗ ಒಂದು ನಡಿಗೆ, ನಿಲ್ಲಿಸಿಟ್ಟಾಗ ಇನ್ನೊಂದು. ಹಿಂದೆಲ್ಲ ಸೆಕೆ ಚಳಿಗಳಿಗೂ ಸುರುಳಿಯ ಬಿಗಿ ಬದಲಾಗುತ್ತಿತ್ತು. ಆ ತೊಂದರೆಯನ್ನು ಬಹುಮಟ್ಟಿಗೆ ನೀಗಿದ ನಿಕ್ಕಲ್ ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದ ಸ್ವಿಸ್ ವಿಜ್ಞಾನಿ ಗಿಯೋಮ್ ಅವರಿಗೆ 1920ರಲ್ಲಿ ನೊಬೆಲ್ ಪಾರಿತೋಷಕವೇ ದೊರಕಿತು.

“ನಿಮ್ಮದು ಎಣ್ಣೆಯ ದೋಷ. ಐದು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ತೊಳೆಸಬೇಕಿತ್ತು, ಸ್ವಾಮಿ. ದುಬಾರಿಯದೆಂದು ಹಾಗೇ ಬಿಟ್ಟುಬಿಟ್ಟಿರಿ” ಎಂದರು ಆ ಹಿರಿಯರು. ಅತ್ಯುತ್ತಮವೆಂದು ಪ್ರಮಾಣಪತ್ರ ಪಡೆಯುವ ಸ್ವಿಸ್ ಗಡಿಯಾರಗಳಿಗೂ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಹೋಗಲು ಅನುಮತಿಯಿದೆಯಂತೆ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವುಳ್ಳ ಅಗ್ಗದ ಕ್ವಾರ್ಟ್ಸ್ ಗಡಿಯಾರ ಇವೆಲ್ಲಕ್ಕಿಂತ ನಿಖರ. ದಿನಕ್ಕೆ 86,400 ಸೆಕೆಂಡುಗಳಲ್ಲಿ ನಲವತ್ತು ಎಂದರೆ ನನ್ನ ಗಡಿಯಾರ ನೂರಕ್ಕೆ 99.95ರಷ್ಟು ಸರಿಯಾಗಿಯೇ ಇತ್ತು. ಈ ಲೆಕ್ಕದಿಂದ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಆ ಸಮಾಧಾನ ಒಂದು ದಿನವೂ ಉಳಿಯಲಿಲ್ಲ. ಸೋಮವಾರ ಮೇಸ್ತ್ರಿಗೆ ವಿಷಯ ತಿಳಿಸಿದಾಗ ಆತ ತಲೆ ತಗ್ಗಿಸಿ, “ನಂಗೊತ್ತಿತ್ತು ಯಜಮಾನ್ರೆ. ಹೆಂಗಸ್ರೂ ಕೇಳಿದ್ರು, ಇನ್ನೂ ಯಾಕೆ ಬಿಡ್ಲಿಲ್ಲ ಅಂತ. ನಿಮ್ ಕೈಲಿರೋದು ಅಂಥಾ ಗಡಿಯಾರ. ನನ್ ಎಚ್‌ಎಂಟಿ ಹಿಡ್ಕೊಂಡು ಅದು ತಪ್ಪು ಅನ್ನೋದು ಹೆಂಗೆ?” ಎಂದ.

ರಾತ್ರಿ ಲಾಂದ್ರದ ಬೆಳಕಿನಲ್ಲಿ ಹಾಜರಿ ಪುಸ್ತಕ ಬಿಡಿಸಿ ಕುಳಿತೆ. ಮೊದಲ ಸೋಮವಾರ ನಲವತ್ತು ಸೆಕೆಂಡು ಹೆಚ್ಚು ದುಡಿಸಿಕೊಂಡೆ, ಮಂಗಳವಾರ ಎಂಬತ್ತು, ಮೂರನೆಯ ಶನಿವಾರದ ವೇಳೆಗೆ ಹದಿಮೂರು ನಿಮಿಷಕ್ಕೂ ಮಿಕ್ಕಿ. ಭಾನುವಾರಗಳನ್ನು ಬಿಟ್ಟು ಕೂಡಿದರೆ ಒಬ್ಬೊಬ್ಬರಿಂದ ಎರಡು ಗಂಟೆ ಆರು ನಿಮಿಷ. ಮೂವತ್ತು ಜನರಿಗೆ ಅರವತ್ತಮೂರು ಗಂಟೆ, ಅಂದರೆ ಹೆಚ್ಚುಕಡಿಮೆ ಎಂಟು ಆಳುಗಳ ಒಂದು ದಿನದ ದುಡಿಮೆ. ಕಂಬಳಿಕೊಪ್ಪೆ ಹೊದ್ದು, ಇಂಬಳಗಳ ನಡುವೆ, ಮನೆಯಲ್ಲಿ ಹಸಿದ ಮಕ್ಕಳನ್ನು ಬಿಟ್ಟು ಬಂದ ತಾಯಂದಿರ ದುಡಿಮೆ. ನೂರಕ್ಕೆ 99.95ರಷ್ಟು ಸರಿಯಿದ್ದ ಯಂತ್ರ ಇಷ್ಟನ್ನು ಕದ್ದಿತ್ತು.

ಕದ್ದಿತ್ತು ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ಹೀನಾಧಿಕ ಮಾನೋನ್ಮಾನ: ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಒಂದು ಅಳತೆ. ನಾನು ಉದ್ದೇಶಪೂರ್ವಕವಾಗಿ ಹಾಗೆ ಮಾಡಲಿಲ್ಲ, ನಿಜ. ಆದರೆ ದಿನವನ್ನು ಒಂದು ಗಡಿಯಾರದಿಂದ ತೆರೆದು ಇನ್ನೊಂದರಿಂದ ಮುಚ್ಚುತ್ತಿದ್ದೆ. ಅವೆರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲಿಲ್ಲ. ಪ್ರಮಾದವೂ ದೋಷವೇ ಅಲ್ಲವೇ?

ಗಡಿಯಾರದ ಹೊತ್ತು ಸೂರ್ಯನ ಹೊತ್ತಲ್ಲ ಎಂದು ಯಾರಾದರೂ ನನ್ನ ಪರವಾಗಿ ವಾದಿಸಬಹುದು. ಭಾರತದ ಅಧಿಕೃತ ಕಾಲ ಪೂರ್ವ ರೇಖಾಂಶ 82.5 ಡಿಗ್ರಿಗೆ ಸೇರಿದ್ದು. ಸಕಲೇಶಪುರ ಅದರಿಂದ ಸುಮಾರು 6.7 ಡಿಗ್ರಿ ಪಶ್ಚಿಮದಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ, ಎಷ್ಟೇ ಸರಿಯಾದ ಗಡಿಯಾರವೂ ಇಲ್ಲಿ ಸೂರ್ಯನಿಗಿಂತ ಸರಾಸರಿ ಇಪ್ಪತ್ತೇಳು ನಿಮಿಷ ಮುಂದಿರುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಸುತ್ತಿದ್ದ ನಮ್ಮ ಅಜ್ಜಿ ಗಡಿಯಾರ ಕೇಳಿದವರಲ್ಲ. ಎದುರಿನ ಗುಡ್ಡದ ನೆತ್ತಿ ನೋಡಿ ಎಲೆ ಹಾಕಿಸುತ್ತಿದ್ದರು. ಸೂರ್ಯನಿಗೂ ನಮಗೂ ನಡುವೆ ಯಂತ್ರ ಬೇಕಿಲ್ಲ. ಅದು ಬೇಕಿರುವುದು ಮನುಷ್ಯರ ನಡುವಿನ ಒಪ್ಪಂದಕ್ಕೆ. ಆದುದರಿಂದಲೇ ಗಡಿಯಾರ ತಪ್ಪಿದರೆ ಸೂರ್ಯನಿಗೆ ನಷ್ಟವಿಲ್ಲ. ನಮ್ಮನ್ನು ನಂಬಿದವರಿಗೆ ನಷ್ಟ.

ಆ ವಾರದ ಬಟವಾಡೆಯಲ್ಲಿ ವಿಷಯವನ್ನು ಎಲ್ಲರಿಗೂ ವಿವರಿಸಿ ಎರಡೂವರೆ ಗಂಟೆಯ ಕೂಲಿಯನ್ನು ಹೆಚ್ಚುವರಿಯಾಗಿ ಕೊಟ್ಟೆ. ಕೆಲವರು ನಕ್ಕರು, ಒಬ್ಬ ಮುದುಕಿ ಮಾತ್ರ ಹಣವನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡು, “ಇದು ನಮ್ದೇ” ಎಂದಳು. ಆ ಮಾತು ನನಗೆ ಹಿತವಾಯಿತು. ಆದರೆ ನಾಲ್ವರು ಆ ವೇಳೆಗೆ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದರು. ವಿಚಾರಿಸಿದರೂ ಸಿಗಲಿಲ್ಲ. ಆ ಎಂಟು ಗಂಟೆಗಳ ಋಣ ಇಂದಿಗೂ ನನ್ನ ಪುಸ್ತಕದಲ್ಲಿ ತೀರದೆ ಉಳಿದಿದೆ.

ಮೇಸ್ತ್ರಿಯ ಗಡಿಯಾರ ಕೀಲಿ ಕೊಡುವ ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯ ಪರಂಪರೆಗೆ ಸೇರಿದ್ದು. ಅದೂ ದಿನಕ್ಕೆ ಅಷ್ಟಿಷ್ಟು ತಪ್ಪುತ್ತಲೇ ಇತ್ತಂತೆ. ಆದರೆ ಆತ ಪ್ರತಿದಿನ ಬೆಳಿಗ್ಗೆ ಬಾಳ್ಳುಪೇಟೆ ರಸ್ತೆಯ ಚಹದಂಗಡಿಯಲ್ಲಿ ಆಕಾಶವಾಣಿಯ ವಾರ್ತೆ ಕೇಳಿ, ಕೀಲಿ ಕೊಟ್ಟು, ಮುಳ್ಳು ಸರಿಪಡಿಸಿಕೊಂಡೇ ತೋಟಕ್ಕೆ ಬರುತ್ತಿದ್ದ. ಎರಡು ಗಡಿಯಾರಗಳ ಅಂತರ ಇಷ್ಟೇ. ಆತನದು ತಪ್ಪಬಹುದೆಂದು ಆತನಿಗೆ ತಿಳಿದಿತ್ತು. ನನ್ನದು ತಪ್ಪದೆಂದು ನಾನು ನಂಬಿದ್ದೆ.

ಹಿರಿಯರು ಪ್ರತಿಕ್ರಮಣವನ್ನು ವರ್ಷಕ್ಕೊಮ್ಮೆ ಸಾಕೆನ್ನದೆ ಪ್ರತಿದಿನವೂ ಮಾಡಬೇಕೆಂದುದರ ಅರ್ಥ ನನಗೆ ಹೊಳೆದದ್ದು ಆಗ. ದಿನದ ದೋಷ ನಲವತ್ತೇ ಸೆಕೆಂಡು. ಅಂದಂದೇ ತಿದ್ದಿದರೆ ಅಲ್ಲಿಗೆ ಮುಗಿಯಿತು, ಬಿಟ್ಟರೆ ಕೂಡುತ್ತ ಹೋಗುತ್ತದೆ. ಮನೆಯ ಯಜಮಾನಿಕೆಯಿರಲಿ, ಬಸದಿಯ ಹುಂಡಿಯ ಲೆಕ್ಕವಿರಲಿ, ಅಳತೆಗೋಲು ಯಾರ ಕೈಯಲ್ಲಿದೆಯೋ ಅವರಿಗೆ “ತಪ್ಪಿದ್ದೀರಿ” ಎನ್ನಲು ಉಳಿದವರು ಅಂಜುತ್ತಾರೆ. ಆದುದರಿಂದ ಅವರು ಕೇಳುವ ಮೊದಲೇ ನಾವು ನೋಡಿಕೊಳ್ಳಬೇಕು.

ಆ ಮೇಸ್ತ್ರಿ ಈಗಿಲ್ಲ. ಎಚ್‌ಎಂಟಿ ಗಡಿಯಾರಗಳ ಕಾರ್ಖಾನೆಗಳನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಇಂದು ಆಳುಗಳೆಲ್ಲರ ಕೈಯಲ್ಲೂ ಮೊಬೈಲ್ ಇದೆ. ಐದಾಯಿತೆಂದು ಅವರೇ ನನಗೆ ನೆನಪಿಸುತ್ತಾರೆ. ತೊಳೆದು ಎಣ್ಣೆ ಹಾಕಿಸಿದ ಸ್ವಿಸ್ ಗಡಿಯಾರ ನನ್ನ ಕೈಯಲ್ಲಿಯೇ ಇದೆ, ಚೆನ್ನಾಗಿ ನಡೆಯುತ್ತಿದೆ. ಆದರೂ ದಿನವೂ ಬೆಳಿಗ್ಗೆ ಬೇರೆ ಗಡಿಯಾರದೊಡನೆ ಹೋಲಿಸಿ ನೋಡದೆ ಅದನ್ನು ಕಟ್ಟಿಕೊಳ್ಳುವುದಿಲ್ಲ.